ಡಬ್ಬಿ ತೆರೆಯುವ ಮುನ್ನ: ಮಾಡದಕೆರೆಯ ಹುಡುಗರಿಗೊಂದು ಕಿವಿಮಾತು

ಮಗಾ,

ಕ್ರಿಯಾಟಿನ್ ಪುಡಿ ತಗೊಳ್ಳಬಹುದಾ ಅಂತ ದುಡ್ಡು ಕೊಡುವ ಮೊದಲೇ ಕೇಳಿದೆಯಲ್ಲ, ಅದು ಒಳ್ಳೆಯದಾಯಿತು. ಎಷ್ಟೋ ಹುಡುಗರು ಅರ್ಧ ಡಬ್ಬಿ ಖಾಲಿಯಾದ ಮೇಲೆ ಕೇಳುತ್ತಾರೆ. ನಮ್ಮ ಹೋಬಳಿಯಲ್ಲಿ ಪೊಲೀಸ್ ಕಾನ್‌ಸ್ಟೆಬಲ್ ಕೆಲಸಕ್ಕೋ ಅಗ್ನಿವೀರ್ ರ‍್ಯಾಲಿಗೋ ತಯಾರಾಗುವ ಹುಡುಗರು ಬೆಳಕು ಹರಿಯುವ ಮುಂಚೆಯೇ ರಸ್ತೆಗಿಳಿದಿರುತ್ತಾರೆ. ಸಂಜೆ ಹೊಸದುರ್ಗದ ಜಿಮ್ಮಿಗೆ ಹೋಗಿಬರುವವರೂ ಇದ್ದಾರೆ. ಹುಡುಗರನ್ನು ಮೈದಾನದಲ್ಲಿ ಓಡಿಸುತ್ತಲೇ ತಲೆ ನರೆತವನು ನಾನು. ಈ ಹುರುಪು ನೋಡಿದರೆ ನನಗೆ ಸಂತೋಷ. ಅದಕ್ಕೇ ಈ ಪುಡಿಯ ವಿಷಯದಲ್ಲಿ ನನಗೆ ತಿಳಿದಿದ್ದನ್ನೆಲ್ಲ ನಿನ್ನ ಕಿವಿಗೆ ಹಾಕುತ್ತೇನೆ.

ನಿನ್ನ ಸುತ್ತ ಎರಡು ಮಾತು ಓಡಾಡುತ್ತಿವೆ. ಮನೆಯಲ್ಲಿ, "ಅದು ಕಿಡ್ನಿ ತಿಂದುಬಿಡುತ್ತೆ, ಮುಟ್ಟಬೇಡ" ಅನ್ನುತ್ತಾರೆ. ಜಿಮ್ಮಿನಲ್ಲಿ, "ಅದಿಲ್ಲದೆ ಮೈ ಕಟ್ಟೋಕಾಗಲ್ಲ" ಅನ್ನುತ್ತಾರೆ. ಎರಡನ್ನೂ ನಂಬಬೇಡ. ಕ್ರಿಯಾಟಿನ್ ಬಗ್ಗೆ ನಡೆದಷ್ಟು ಪರೀಕ್ಷೆ ಕ್ರೀಡಾಪಟುಗಳು ತಗೊಳ್ಳುವ ಬೇರೆ ಪುಡಿಗಳ ಮೇಲೆ ನಡೆದಿರುವುದು ಕಡಿಮೆ. ಆರೋಗ್ಯವಂತ ವಯಸ್ಕರು ಸರಿಯಾದ ಅಳತೆಯಲ್ಲಿ ತಗೊಂಡರೆ ಕಿಡ್ನಿಗೆ ಪೆಟ್ಟು ಬೀಳುತ್ತದೆ ಎಂಬುದಕ್ಕೆ ಆಧಾರ ಸಿಕ್ಕಿಲ್ಲ. ಅಂತರರಾಷ್ಟ್ರೀಯ ಕ್ರೀಡಾ ಪೋಷಣಾ ಸೊಸೈಟಿ 2017ರಲ್ಲಿ ಇದನ್ನೇ ಬರೆದಿದೆ. ಅಪಾಯ ಇರುವುದು ಆತುರದಲ್ಲಿ. ಬೇಗ ಮೈ ಬರಲಿ ಅಂತ ಹೆಚ್ಚು ಹಾಕಿಕೊಳ್ಳುವುದು, ಪರೀಕ್ಷೆ ಮಾಡಿಸದೆ ಶುರುಮಾಡುವುದು, ಅಗ್ಗ ಅಂತ ಹೆಸರಿಲ್ಲದ ಪೊಟ್ಟಣ ತರುವುದು, ತೂಕ ಇಳಿಸಲು ನೀರು ಬಿಡುವುದು ಎಲ್ಲವೂ ಆತುರದ ಮಕ್ಕಳೇ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಹಿರಿಯರು ಸುಮ್ಮನೆ ಹೇಳಿಲ್ಲ.

ಮೊದಲು ಇದು ಏನು ಅಂತ ತಿಳಿದುಕೋ. ಇದು ಕಾರ್ಖಾನೆಯಲ್ಲಿ ಹುಟ್ಟಿದ ಹೊಸ ಮದ್ದಲ್ಲ. ಫ್ರಾನ್ಸಿನ ಶೆವ್ರೆಲ್ ಎಂಬ ವಿಜ್ಞಾನಿ 1832ರಲ್ಲೇ ಮಾಂಸದ ಸಾರದಲ್ಲಿ ಇದನ್ನು ಗುರುತಿಸಿದ್ದ. ನಮ್ಮ ಮೈಯೂ ದಿನಕ್ಕೆ ಸುಮಾರು ಒಂದು ಗ್ರಾಂನಷ್ಟನ್ನು ಪಿತ್ತಜನಕಾಂಗ, ಕಿಡ್ನಿಗಳಲ್ಲಿ ತಯಾರಿಸಿಕೊಳ್ಳುತ್ತದೆ. ಮಾಂಸ, ಮೀನು ತಿನ್ನುವವರಿಗೆ ಊಟದಿಂದಲೂ ಸ್ವಲ್ಪ ಸಿಗುತ್ತದೆ. ಮೈಯಲ್ಲಿರುವ ಕ್ರಿಯಾಟಿನ್‌ನಲ್ಲಿ ಶೇ 95ರಷ್ಟು ಇರುವುದು ಸ್ನಾಯುಗಳಲ್ಲೇ. ಕಾಳು, ಸೊಪ್ಪು, ಧಾನ್ಯದಲ್ಲಿ ಇದು ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಬರೀ ಸಸ್ಯಾಹಾರ ತಿನ್ನುವ ಮನೆಯ ಹುಡುಗರ ಸ್ನಾಯುವಿನಲ್ಲಿ ಸಂಗ್ರಹ ಕೆಳಮಟ್ಟದಲ್ಲಿರುತ್ತದೆ. ಪುಡಿ ತಗೊಂಡಾಗ ಅವರಲ್ಲೇ ಏರಿಕೆ ಹೆಚ್ಚು ಕಾಣುವುದೂ ಉಂಟು.

ಕೆಲಸ ಹೇಗೆ ಮಾಡುತ್ತದೆ ಅಂದರೆ, ನಿಮ್ಮ ತೋಟದ ತೊಟ್ಟಿ ನೆನೆಸಿಕೋ. ಕರೆಂಟ್ ಬಂದಾಗ ಬೋರ್‌ವೆಲ್ ಸಣ್ಣಗೆ ಎತ್ತಿದ ನೀರು ತೊಟ್ಟಿಯಲ್ಲಿ ನಿಂತಿರುತ್ತದೆ. ಗೇಟ್‌ವಾಲ್ವ್ ತಿರುಗಿಸಿದ ಕೂಡಲೇ ಒಂದೇ ಏಟಿಗೆ ಜೋರಾಗಿ ಹರಿಯುತ್ತದೆ, ತೊಟ್ಟಿ ಬರಿದಾದ ಮೇಲೆ ಬೋರ್ ಕೊಟ್ಟಷ್ಟೇ ಗತಿ. ಸ್ನಾಯುವಿನ ಕ್ರಿಯಾಟಿನ್ ಆ ತೊಟ್ಟಿ ಇದ್ದ ಹಾಗೆ. ಪೂರ್ತಿ ಬಲ ಹಾಕಿದಾಗ ಮೊದಲ ಹತ್ತು ಸೆಕೆಂಡಿನ ಆಚೀಚೆ ಅದು ನೆರವಾಗುತ್ತದೆ. ಪುಡಿ ತಗೊಂಡರೆ ತೊಟ್ಟಿ ಶೇ 20ರಷ್ಟು, ಕೆಲವರಲ್ಲಿ ಇನ್ನೂ ಸ್ವಲ್ಪ ಹೆಚ್ಚು, ದೊಡ್ಡದಾಗುತ್ತದೆ. ಬೋರ್‌ವೆಲ್ಲಿನ ನೀರು ಹೆಚ್ಚುವುದಿಲ್ಲ.

ಇದನ್ನು ಅರ್ಥ ಮಾಡಿಕೊಂಡರೆ ನಿನಗೆ ಇದು ಬೇಕೋ ಬೇಡವೋ ಎಂಬುದಕ್ಕೆ ಅರ್ಧ ಉತ್ತರ ಸಿಕ್ಕಿತು. ಗುಂಡು ಎಸೆತ, ಉದ್ದ ಜಿಗಿತ, ಭಾರ ಎತ್ತುವುದು, ಕಬಡ್ಡಿಯಲ್ಲಿ 30 ಸೆಕೆಂಡಿನ ರೈಡ್‌ನಲ್ಲಿ ಮತ್ತೆ ಮತ್ತೆ ನುಗ್ಗುವುದು, ಇಂಥ ಕಡೆ ಕ್ರಿಯಾಟಿನ್ ಕೈಹಿಡಿಯುತ್ತದೆ. 1600 ಮೀಟರ್ ಓಟಕ್ಕೆ ಅಷ್ಟಾಗಿ ಹಿಡಿಯುವುದಿಲ್ಲ. ಶುರುವಿನಲ್ಲಿ ಸ್ನಾಯು ನೀರು ಎಳೆದುಕೊಳ್ಳುವುದರಿಂದ ಮೈತೂಕ ಒಂದೆರಡು ಕಿಲೋ ಏರುತ್ತದೆ. ಆ ತೂಕ ಹೊತ್ತುಕೊಂಡು ನಾಲ್ಕು ಸುತ್ತು ಓಡಬೇಕು. ನೇಮಕಾತಿಯಲ್ಲಿ ನಿನ್ನನ್ನು ಕಾಡುವುದು ಓಟವೇ ಆದರೆ, ದೈಹಿಕ ಪರೀಕ್ಷೆಗೆ ಎರಡು ಮೂರು ವಾರ ಇರುವಾಗ ಹೊಸದಾಗಿ ಕ್ರಿಯಾಟಿನ್ ಶುರುಮಾಡಲೇಬೇಡ. ಓಟದ ಸಮಯ ಇಳಿಸಲು ಓಟವೇ ದಾರಿ.

ಇನ್ನು ಕಿಡ್ನಿಯ ಮಾತು. ಪುಡಿ ಆರೋಗ್ಯವಂತರಿಗೆ ಸುರಕ್ಷಿತ ಅಂದೆ. ನೀನು ಆರೋಗ್ಯವಂತ ಅಂತ ಯಾರು ಹೇಳಿದರು? ಕಿಡ್ನಿ ಕಾಯಿಲೆ ಬಹಳ ಮುಂದುವರಿಯುವ ತನಕ ನೋವೂ ಕೊಡುವುದಿಲ್ಲ, ಸುಳಿವೂ ಕೊಡುವುದಿಲ್ಲ. ಮನೆಯಲ್ಲಿ ಬಿಪಿ, ಶುಗರ್ ಇದ್ದರೆ, ನಿನಗೆ ಹಿಂದೆ ಕಲ್ಲು ಆಗಿದ್ದರೆ, ಮೈಕೈ ನೋವಿಗೆ ಮೆಡಿಕಲ್ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗುವ ಅಭ್ಯಾಸ ಇದ್ದರೆ ಇನ್ನೂ ಎಚ್ಚರ ಬೇಕು. ಆ ನೋವಿನ ಮಾತ್ರೆಗಳಲ್ಲಿ ಹಲವು ಕಿಡ್ನಿಗೆ ಕ್ರಿಯಾಟಿನ್‌ಗಿಂತ ಹೆಚ್ಚು ತೊಂದರೆ ಕೊಡುವಂಥವು. ಅದಕ್ಕೇ ಡಬ್ಬಿ ಕೊಳ್ಳುವ ಮೊದಲು ತಾಲ್ಲೂಕು ಆಸ್ಪತ್ರೆಗೆ ಹೋಗಿ ಬಿಪಿ ನೋಡಿಸು. ರಕ್ತದಲ್ಲಿ ಸಕ್ಕರೆ, ಸೀರಮ್ ಕ್ರಿಯಾಟಿನಿನ್, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯಾ ಎಂಬುದನ್ನು ಪರೀಕ್ಷೆ ಮಾಡಿಸು. ಆ ಚೀಟಿ ಜೋಪಾನವಾಗಿ ಇಟ್ಟುಕೋ. ಮುಂದೆ ಹೋಲಿಸಿ ನೋಡಲು ಅದೇ ಬೇಕು.

ಚೀಟಿ ಇಟ್ಟುಕೋ ಅನ್ನಲು ಇನ್ನೊಂದು ಕಾರಣವಿದೆ. ಕ್ರಿಯಾಟಿನ್ ಮೈಯಲ್ಲಿ ಬಳಕೆಯಾಗುತ್ತಾ ದಿನಕ್ಕೆ ಸ್ವಲ್ಪ ಸ್ವಲ್ಪ ಕ್ರಿಯಾಟಿನಿನ್ ಆಗಿ ಬದಲಾಗಿ ಮೂತ್ರದಲ್ಲಿ ಹೋಗುತ್ತದೆ. ಕಿಡ್ನಿ ಹೇಗಿದೆ ಅಂತ ಡಾಕ್ಟರು ಅಳೆಯುವುದೂ ಈ ಕ್ರಿಯಾಟಿನಿನ್ ನೋಡಿಯೇ. ಪುಡಿ ತಗೊಳ್ಳುವವನ ರಕ್ತದಲ್ಲಿ ಅದು ಸಹಜವಾಗಿಯೇ ಸ್ವಲ್ಪ ಏರಿರಬಹುದು. ಕಿಡ್ನಿ ನೆಟ್ಟಗಿದ್ದರೂ ಲೆಕ್ಕದಲ್ಲಿ ಕೆಟ್ಟಂತೆ ಕಾಣುತ್ತದೆ. ಮನೆಯವರು ಹೌಹಾರುವುದು ಇಲ್ಲೇ. ಆದ್ದರಿಂದ ಯಾವ ಕಾಯಿಲೆಗೆ ರಕ್ತ ಕೊಡಲು ಹೋದರೂ "ಸಾರ್, ನಾನು ಕ್ರಿಯಾಟಿನ್ ತಗೊಳ್ತಿದ್ದೀನಿ" ಅಂತ ಮೊದಲೇ ಹೇಳು. ಅನುಮಾನ ಬಂದರೆ ಅವರು ಪುಡಿ ನಿಲ್ಲಿಸಿ ಮತ್ತೆ ಪರೀಕ್ಷೆ ಮಾಡಿಸಬಹುದು, ಇಲ್ಲವೇ ಸಿಸ್ಟಾಟಿನ್ ಸಿ ಎಂಬ ಬೇರೆ ಪರೀಕ್ಷೆ ಬರೆದುಕೊಡಬಹುದು. ಕ್ರಿಯಾಟಿನ್ ತಗೊಂಡರೂ ಆ ಲೆಕ್ಕ ಅಲುಗುವುದಿಲ್ಲ. ಆದರೆ ಒಂದು ಮಾತು. ಕ್ರಿಯಾಟಿನಿನ್ ಏರಿದ್ದೆಲ್ಲ ಪುಡಿಯಿಂದಲೇ ಅಂತ ನೀನೇ ತೀರ್ಮಾನ ಮಾಡಿಕೊಂಡು ಕೂರಬೇಡ. ಅದನ್ನು ಹೇಳಬೇಕಾದವರು ಡಾಕ್ಟರು.

ಯಾರು ಮುಟ್ಟಲೇಬಾರದು ಅಂತಲೂ ಹೇಳಿಬಿಡುತ್ತೇನೆ. ಕಿಡ್ನಿ ಕಾಯಿಲೆ ಇರುವವರು, ಒಂದೇ ಕಿಡ್ನಿ ಇರುವವರು ಡಾಕ್ಟರು ಒಪ್ಪದೆ ತಗೊಳ್ಳಬಾರದು. ಬಸುರಿ, ಬಾಣಂತಿಯರಿಗೆ ಬೇಡ. ಮನಸ್ಸಿನ ಕಾಯಿಲೆಗೆ, ಅದರಲ್ಲೂ ಬೈಪೋಲಾರ್ ತೊಂದರೆಗೆ ಔಷಧಿ ತಗೊಳ್ಳುತ್ತಿರುವವರು ಅವರ ಡಾಕ್ಟರನ್ನು ಕೇಳದೆ ಶುರುಮಾಡಬಾರದು. ಹದಿನೆಂಟು ತುಂಬದ ಹುಡುಗರಿಗೆ ಬೇಡವೇ ಬೇಡ. ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿಯೂ ಆ ವಯಸ್ಸಿನವರಿಗೆ ಇದನ್ನು ಒಪ್ಪುವುದಿಲ್ಲ. ನಿನ್ನ ತಮ್ಮ ಹೈಸ್ಕೂಲಿನಲ್ಲಿದ್ದಾನೆ. ಅಣ್ಣ ಕುಡಿಯುತ್ತಾನೆ ಅಂತ ಅವನೂ ಲೋಟ ಹಿಡಿದು ಬಂದರೆ ಕೊಡಬೇಡ.

ಕೊಳ್ಳುವಾಗ ಡಬ್ಬಿಯ ಹಿಂಭಾಗ ಓದು, ಮುಂದಿನ ಚಿತ್ರ ಅಲ್ಲ. ಪದಾರ್ಥಗಳ ಪಟ್ಟಿಯಲ್ಲಿ ಕ್ರಿಯಾಟಿನ್ ಮೊನೊಹೈಡ್ರೇಟ್ ಎಂಬ ಒಂದೇ ಹೆಸರಿರಬೇಕು. ಎಚ್‌ಸಿಎಲ್, ಈಥೈಲ್ ಎಸ್ಟರ್ ಅಂತ ದುಬಾರಿ ಹೆಸರುಗಳು ಬಂದಿವೆ. ಸಾದಾ ಮೊನೊಹೈಡ್ರೇಟ್‌ಗಿಂತ ಅವು ಮೇಲು ಎಂಬುದು ಸಾಬೀತಾಗಿಲ್ಲ. ಈಥೈಲ್ ಎಸ್ಟರ್ ಅಂತೂ ಸ್ನಾಯು ಸೇರುವ ಮೊದಲೇ ಬಹುಪಾಲು ಕ್ರಿಯಾಟಿನಿನ್ ಆಗಿಬಿಡುತ್ತದೆ. ಎಫ್‌ಎಸ್‌ಎಸ್‌ಎಐ ಗುರುತಿನ ಕೆಳಗೆ 14 ಅಂಕಿಯ ಲೈಸೆನ್ಸ್ ಸಂಖ್ಯೆ ಇರುತ್ತದೆ. ಫುಡ್ ಸೇಫ್ಟಿ ಕನೆಕ್ಟ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಅದು ಯಾರ ಹೆಸರಿನಲ್ಲಿದೆ ಅಂತ ಗೊತ್ತಾಗುತ್ತದೆ. ಬ್ಯಾಚ್ ಸಂಖ್ಯೆ, ತಯಾರಾದ ದಿನ, ಅವಧಿ ಮುಗಿಯುವ ದಿನ, ಹೊರದೇಶದ್ದಾದರೆ ಆಮದು ಮಾಡಿದವರ ವಿಳಾಸ, ಒಳಗಿನ ಸೀಲು ಎಲ್ಲವೂ ಸರಿಯಿರಬೇಕು. ದೊಡ್ಡ ಡಬ್ಬಿಯಿಂದ ತೆಗೆದು ಪ್ಲಾಸ್ಟಿಕ್ ಕವರಿಗೆ ಹಾಕಿ ಬಿಡಿಯಾಗಿ ಮಾರುವುದನ್ನು ಯಾರು ಕೊಟ್ಟರೂ ತಗೊಳ್ಳಬೇಡ.

ಇಷ್ಟು ಬಿಗಿಯಾಗಿ ಹೇಳಲು ಕಾರಣವಿದೆ. 2024ರಲ್ಲಿ ಕೇರಳದ ವೈದ್ಯರೊಬ್ಬರ ತಂಡ ನಮ್ಮ ದೇಶದಲ್ಲಿ ಮಾರಾಟವಾಗುವ 36 ಪ್ರೋಟೀನ್ ಪುಡಿಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿತು. ಸುಮಾರು ಶೇ 70ರಷ್ಟರಲ್ಲಿ ಲೇಬಲ್ಲಿನಲ್ಲಿ ಬರೆದ ಪ್ರೋಟೀನ್ ಲೆಕ್ಕ ತಪ್ಪಾಗಿತ್ತು. ಕೆಲವದರಲ್ಲಿ ಬೂಷ್ಟಿನಿಂದ ಬರುವ ಅಫ್ಲಾಟಾಕ್ಸಿನ್ ವಿಷವೂ, ಕೀಟನಾಶಕದ ಅಂಶವೂ ಸಿಕ್ಕಿದವು. ಅದು ಪ್ರೋಟೀನ್ ಪುಡಿಯ ಕಥೆ ನಿಜ. ಆದರೆ ಮಾರುವ ಅಂಗಡಿ, ಮಾರುವ ರೀತಿ ಎರಡಕ್ಕೂ ಒಂದೇ. ನೀನು ಮುಂದೆ ಯೂನಿವರ್ಸಿಟಿ ಮಟ್ಟದಲ್ಲಿ ಕಬಡ್ಡಿ ಆಡುವ ಆಸೆ ಇಟ್ಟುಕೊಂಡವನು. ವಿಶ್ವ ಉದ್ದೀಪನ ನಿಗ್ರಹ ಸಂಸ್ಥೆಯ ನಿಷೇಧದ ಪಟ್ಟಿಯಲ್ಲಿ ಕ್ರಿಯಾಟಿನ್ ಇಲ್ಲ. ಕಲಬೆರಕೆ ಪುಡಿಯಲ್ಲಿ ನಿಷೇಧಿತ ವಸ್ತು ಸೇರಿದ್ದರೆ ಮಾತ್ರ, ಗೊತ್ತಿರಲಿಲ್ಲ ಅಂತ ಹೇಳಿ ಕೈತೊಳೆದುಕೊಳ್ಳಲು ಆಗುವುದಿಲ್ಲ. ನಿನ್ನ ಮೈಯಲ್ಲಿ ಸಿಕ್ಕಿದ್ದಕ್ಕೆ ನೀನೇ ಹೊಣೆ.

ಅಳತೆಗೆ ಬರೋಣ. ಜಿಮ್ಮಿನಲ್ಲಿ ಲೋಡಿಂಗ್ ಮಾಡು, ಐದು ದಿನ ದಿನಕ್ಕೆ 20 ಗ್ರಾಂ ತಗೋ ಅನ್ನುತ್ತಾರೆ. ಅದು ಪೂರಾ ಸುಳ್ಳಲ್ಲ. ಹಾಗೆ ಮಾಡಿದರೆ ತೊಟ್ಟಿ ವಾರದೊಳಗೆ ತುಂಬುತ್ತದೆ. ಆದರೆ ಸ್ವೀಡನ್ನಿನ ಹುಲ್ಟ್‌ಮನ್ ಎಂಬ ವಿಜ್ಞಾನಿ ಮತ್ತು ಜೊತೆಗಾರರು 1996ರಲ್ಲಿ ಇನ್ನೊಂದು ದಾರಿಯನ್ನೂ ತೋರಿಸಿದರು. ದಿನಕ್ಕೆ ಬರೀ 3 ಗ್ರಾಂ ತಗೊಂಡರೂ 28 ದಿನದಲ್ಲಿ ಅಷ್ಟೇ ತುಂಬುತ್ತದೆ. ನಿನಗೆ ಮೂರು ವಾರದ ಆತುರ ಯಾಕೆ? 20 ಗ್ರಾಂ ಹಾಕಿಕೊಂಡವರಲ್ಲಿ ಹಲವರಿಗೆ ಹೊಟ್ಟೆ ಉಬ್ಬರ, ಭೇದಿ ಆಗುತ್ತದೆ. ಖರ್ಚನ್ನೂ ಲೆಕ್ಕ ಹಾಕು. 250 ಗ್ರಾಂ ಡಬ್ಬಿಯಲ್ಲಿ ಐದು ದಿನದ ಲೋಡಿಂಗ್‌ಗೇ 100 ಗ್ರಾಂ ಹೋಗುತ್ತದೆ. ದಿನಕ್ಕೆ 3 ಗ್ರಾಂ ಆದರೆ ಅದೇ ಡಬ್ಬಿ ಎಂಬತ್ತು ದಿನ ದಾಟುತ್ತದೆ. ಹೆಚ್ಚೆಂದರೆ ದಿನಕ್ಕೆ 5 ಗ್ರಾಂ. ಅದಕ್ಕಿಂತ ಮೇಲೆ ಹಾಕಿದರೆ ತುಂಬಿದ ಸ್ನಾಯು ಅದನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಮೂತ್ರದಲ್ಲಿ ಹೋಗುವುದು ನಿಮ್ಮಪ್ಪ ಕೊಬ್ಬರಿ ಮಾರಿ ಕೊಟ್ಟ ದುಡ್ಡು.

ಕಲಸುವ ಕ್ರಮ ನೋಡಿಕೋ. ಡಬ್ಬಿಯೊಳಗೆ ಪುಡಿಯಲ್ಲಿ ಹೂತುಹೋದ ಒಂದು ಸಣ್ಣ ಪ್ಲಾಸ್ಟಿಕ್ ಸ್ಕೂಪ್ ಇರುತ್ತದೆ. ಅದು ಎಷ್ಟು ಗ್ರಾಂ ಹಿಡಿಯುತ್ತದೆ ಅಂತ ಲೇಬಲ್ಲಿನಲ್ಲಿ ಬರೆದಿರುತ್ತಾರೆ. ಕೆಲವು 3 ಗ್ರಾಂ, ಕೆಲವು 5 ಗ್ರಾಂ. ಒಂದು ಸಲ ಚಿನ್ನದಂಗಡಿಯ ತಕ್ಕಡಿಯಲ್ಲಿ ತೂಗಿಸಿ ನೋಡಿಬಿಟ್ಟರೆ ಅನುಮಾನ ಇರುವುದಿಲ್ಲ. ಪುಡಿಯನ್ನು ಗೋಪುರದ ಹಾಗೆ ಏರಿಸಬೇಡ, ಚಾಕುವಿನ ಬೆನ್ನಿನಿಂದ ಸಮ ಮಾಡು. ಸ್ಕೂಪ್ ಒದ್ದೆಯಾಗಿದ್ದರೆ ಒಳಗೆ ಹಾಕಬೇಡ.

ಈ ಪುಡಿ ತಣ್ಣೀರಿನಲ್ಲಿ ಸುಲಭಕ್ಕೆ ಕರಗುವುದಿಲ್ಲ. ಸಾಮಾನ್ಯ ನೀರು ಒಂದು ಲೀಟರ್ ಕರಗಿಸಿಕೊಳ್ಳುವುದು ಸುಮಾರು 14 ಗ್ರಾಂ ಮಾತ್ರ. ಆದ್ದರಿಂದ 3 ಗ್ರಾಂಗೆ ಕಾಲು ಲೀಟರ್, 5 ಗ್ರಾಂಗೆ ಮೂರೂವರೆ ನೂರು ಮಿಲಿಲೀಟರ್ ನೀರು ಇಟ್ಟುಕೋ. ಉಗುರುಬೆಚ್ಚಗಿದ್ದರೆ ಇನ್ನೂ ಚೆನ್ನ. ಸ್ಟೀಲ್ ಲೋಟದಲ್ಲಿ ಚಮಚದಿಂದ ಒಂದು ನಿಮಿಷ ತಿರುಗಿಸಿ ಕುಡಿ. ತಳದಲ್ಲಿ ಸಣ್ಣ ಮರಳಿನ ಹಾಗೆ ಕಾಳು ಉಳಿದಿರುತ್ತದೆ. ಇನ್ನೊಂದು ಗುಟುಕು ನೀರು ಹಾಕಿ ಅಲ್ಲಾಡಿಸಿ ಅದನ್ನೂ ಕುಡಿದುಬಿಡು, ನಿನ್ನ ಅಳತೆ ಉಳಿದಿರುವುದು ಅದರಲ್ಲೇ. ಕಲಸಿದ್ದನ್ನು ಕೂಡಲೇ ಕುಡಿಯಬೇಕು. ಬೆಳಗ್ಗೆ ಬಾಟಲಿಗೆ ಹಾಕಿ, ಬಿಸಿಲಲ್ಲಿ ಬೈಕಿಗೆ ನೇತುಹಾಕಿ, ಸಂಜೆ ಕುಡಿಯುವ ಅಭ್ಯಾಸ ಬೇಡ. ನೀರಿನಲ್ಲಿ ನಿಂತಷ್ಟೂ ಅದು ನಿಧಾನವಾಗಿ ಕ್ರಿಯಾಟಿನಿನ್ ಆಗುತ್ತದೆ. ಸೆಕೆ, ಹುಳಿ ಸೇರಿದರೆ ಇನ್ನೂ ಬೇಗ. ವಿಡಿಯೊದಲ್ಲಿ ತೋರಿಸುತ್ತಾರೆ ಅಂತ ಒಣ ಪುಡಿಯನ್ನು ಬಾಯಿಗೆ ಸುರಿದುಕೊಳ್ಳಬೇಡ, ಶ್ವಾಸನಾಳಕ್ಕೆ ನುಗ್ಗಿದರೆ ಉಸಿರು ಕಟ್ಟುತ್ತದೆ. ಹೊತ್ತು ಯಾವುದಾದರೂ ನಡೆಯುತ್ತದೆ. ಊಟದ ಜೊತೆಗಾದರೆ ಹೊಟ್ಟೆಗೆ ಹಿತ, ದಿನಾ ಒಂದೇ ಹೊತ್ತಾದರೆ ಮರೆಯುವುದಿಲ್ಲ. ಡಬ್ಬಿಯನ್ನು ಒಲೆಯ ಪಕ್ಕ ಇಡದೆ ಮುಚ್ಚಳ ಬಿಗಿಮಾಡಿ ಒಣಗಿದ ಜಾಗದಲ್ಲಿಡು.

ನೀರಿನ ಮಾತು ನಮ್ಮ ಕಡೆಯವರಿಗೆ ಬೇರೆಯಾಗಿಯೇ ಹೇಳಬೇಕು. ಚಿತ್ರದುರ್ಗ ಜಿಲ್ಲೆಯ ಎಷ್ಟೋ ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯೇ ಇಲ್ಲದಿದ್ದರೆ 1.5ರ ತನಕ ನಡೆಯುತ್ತದೆ ಎಂಬುದು ನಮ್ಮ ದೇಶದ ಮಾನದಂಡ. ಅದು ಮೀರಿದರೆ ಹಲ್ಲು ಕಂದುತ್ತದೆ, ವರ್ಷಗಟ್ಟಲೆ ಕುಡಿದರೆ ಮೂಳೆ ಬಿಗಿಯುತ್ತದೆ. ಫ್ಲೋರೈಡನ್ನು ಮೈಯಿಂದ ಹೊರಗೆ ಹಾಕುವ ಕೆಲಸವೂ ಹೆಚ್ಚಾಗಿ ಕಿಡ್ನಿಯದೇ. ಕುದಿಸಿದರೆ ಅದು ಹೋಗುವುದಿಲ್ಲ, ನೀರು ಇಂಗಿ ಇನ್ನೂ ಗಟ್ಟಿಯಾಗುತ್ತದೆ. ವ್ಯಾಯಾಮ ಮಾಡುವವನು ಹೆಚ್ಚು ನೀರು ಕುಡಿಯಬೇಕಾದ್ದರಿಂದ ಕುಡಿಯುವುದು, ಪುಡಿ ಕಲಸುವುದು ಎರಡನ್ನೂ ಶುದ್ಧ ನೀರಿನ ಘಟಕದ ಕ್ಯಾನ್ ನೀರಿನಲ್ಲೇ ಮಾಡು. ಮಾರ್ಚ್, ಏಪ್ರಿಲ್ ಬಿಸಿಲಿನಲ್ಲಿ ಓಡಿ ಬಂದರೆ ಉಪ್ಪು ಹಾಕಿದ ಮಜ್ಜಿಗೆಯೂ ಬೇಕು. ಸಾಕಷ್ಟು ಕುಡಿದೆಯಾ ಅಂತ ತಿಳಿಯಲು ಮೂತ್ರದ ಬಣ್ಣ ನೋಡು. ತಿಳಿ ಹಳದಿಯಾದರೆ ಸರಿ, ಕಡು ಹಳದಿಯಾದರೆ ಸಾಲದು.

ನೀರು ಬಿಡುವುದು ಎಷ್ಟು ಕೆಟ್ಟದ್ದು ಎಂಬುದಕ್ಕೆ ಒಂದು ನಡೆದ ಸಂಗತಿ ಹೇಳುತ್ತೇನೆ. 1997ರ ಕೊನೆಯಲ್ಲಿ ಅಮೆರಿಕದಲ್ಲಿ ಸುಮಾರು ಒಂದು ತಿಂಗಳೊಳಗೆ ಮೂವರು ಕಾಲೇಜು ಕುಸ್ತಿಪಟುಗಳು ಸತ್ತರು. ಕ್ರಿಯಾಟಿನ್ ಆಗ ಹೊಸದಾಗಿ ಹೆಸರು ಮಾಡಿತ್ತು. ಅದೇ ಕೊಂದಿರಬೇಕು ಎಂಬ ಅನುಮಾನ ಹಬ್ಬಿತು. ತನಿಖೆಯಲ್ಲಿ ಹೊರಬಂದದ್ದು ಬೇರೆ. ತೂಕದ ವರ್ಗಕ್ಕೆ ಇಳಿಯಲು ಆ ಹುಡುಗರು ಊಟ, ನೀರು ಬಿಟ್ಟು, ಬೆವರು ಹೊರಹೋಗದ ಉಡುಪು ತೊಟ್ಟು, ಬಿಸಿ ಕೋಣೆಯಲ್ಲಿ ಗಂಟೆಗಟ್ಟಲೆ ವ್ಯಾಯಾಮ ಮಾಡಿದ್ದರು. ಮೈ ನೀರು ಬತ್ತಿ, ಕಾವು ಏರಿ ಪ್ರಾಣ ಹೋಗಿತ್ತು. ನಮ್ಮಲ್ಲೂ ತೂಕ ನೋಡಿ ತಂಡ ಕಟ್ಟುವ ಕಬಡ್ಡಿ ಪಂದ್ಯಗಳಿವೆ, ಕುಸ್ತಿ ಇದೆ. ಪಂದ್ಯದ ಹಿಂದಿನ ದಿನ ನೀರು ಬಿಟ್ಟು ತೂಕ ಇಳಿಸು ಅಂತ ಯಾರೇ ಹೇಳಲಿ, ಆ ಪಂದ್ಯವನ್ನೇ ಬಿಡು.

ಕೂದಲು ಉದುರುತ್ತದಂತೆ ಅಂತಲೂ ನೀನು ಕೇಳಿದ್ದೆ. 2009ರಲ್ಲಿ ದಕ್ಷಿಣ ಆಫ್ರಿಕಾದ ರಗ್ಬಿ ಆಟಗಾರರ ಮೇಲೆ ನಡೆದ ಒಂದು ಸಣ್ಣ ಅಧ್ಯಯನದಲ್ಲಿ, ಕೂದಲಿಗೆ ಸಂಬಂಧಪಟ್ಟ ಒಂದು ಹಾರ್ಮೋನು ಏರಿದ್ದು ಕಂಡಿತು. ಆ ಸುದ್ದಿಗೆ ಮೂಲ ಅದೇ. ಅವರು ಕೂದಲನ್ನು ನೋಡಿರಲೇ ಇಲ್ಲ. ಆಮೇಲಿನ ಅಧ್ಯಯನಗಳು ಅದನ್ನು ಖಚಿತಪಡಿಸಲಿಲ್ಲ. ಆ ಭಯ ಬಿಡು.

ಭಯ ಇರಬೇಕಾದದ್ದು ಈ ಲಕ್ಷಣಗಳಿಗೆ. ಮುಖ, ಕಾಲು ಊದಿಕೊಂಡರೆ, ಮೂತ್ರ ಕಡಿಮೆಯಾದರೆ, ವಾಂತಿ ಭೇದಿ ನಿಲ್ಲದಿದ್ದರೆ ಪುಡಿ ನಿಲ್ಲಿಸಿ ಆಸ್ಪತ್ರೆಗೆ ಹೋಗು. ಮೈಮುರಿಯುವಂತೆ ವ್ಯಾಯಾಮ ಮಾಡಿದ ಮೇಲೆ ತಡೆಯಲಾರದ ಸ್ನಾಯುನೋವು ಬಂದು, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಬೆಳಗಾಗಲಿ ಅಂತ ಕಾಯಬೇಡ. ಸ್ನಾಯು ಒಡೆದು ಅದರ ಕಸ ಕಿಡ್ನಿಗೆ ತುಂಬುತ್ತಿದೆ ಎಂಬ ಸೂಚನೆ ಅದು. ಆ ರಾತ್ರಿಯೇ ಆಸ್ಪತ್ರೆ ಸೇರಬೇಕು.

ಇಷ್ಟೆಲ್ಲ ಹೇಳಿದ ಮೇಲೂ ಊಟದ ಮಾತು ಬಿಟ್ಟರೆ ನನ್ನ ಮಾತು ಪೂರ್ತಿಯಾಗುವುದಿಲ್ಲ. ಐಸಿಎಂಆರ್‌ನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮೇ ತಿಂಗಳಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ ಮೈ ಬೆಳೆಸಲು ಪ್ರೋಟೀನ್ ಪುಡಿಗೆ ಕೈಹಾಕಬೇಡಿ ಅಂತ ಹೇಳಿದೆ. ನಿಮ್ಮ ಮನೆಯಲ್ಲೇ ಏನಿದೆ ನೋಡು. ನೂರು ಗ್ರಾಂ ಹುರುಳಿಕಾಳಿನಲ್ಲಿ 22 ಗ್ರಾಂನಷ್ಟು ಪ್ರೋಟೀನ್ ಇದೆ, ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಹಿಡಿ ಶೇಂಗಾದಲ್ಲಿ ಸುಮಾರು 7 ಗ್ರಾಂ, ದೊಡ್ಡ ಲೋಟ ಹಾಲಿನಲ್ಲಿ ಆರೇಳು ಗ್ರಾಂ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಓಡಿ, ಚಹಾ ಬಿಸ್ಕತ್ತು ತಿಂದು ಕಾಲೇಜಿಗೆ ಬಸ್ ಹತ್ತಿ, ಸಂಜೆ ಜಿಮ್ಮಿನಲ್ಲಿ ಪುಡಿ ಕುಡಿದರೆ ಏನು ಬಂತು? ಮುದ್ದೆ, ಮೊಳಕೆ ಹುರುಳಿ ಸಾರು, ಮೊಟ್ಟೆ, ಹಾಲು ಹೊತ್ತಿಗೆ ಸರಿಯಾಗಿ ಬೀಳಲಿ. ರಾತ್ರಿ ಮೊಬೈಲ್ ಬದಿಗಿಟ್ಟು ಏಳೆಂಟು ಗಂಟೆ ಮಲಗು. ಇವೆರಡನ್ನು ಎರಡು ತಿಂಗಳು ತಪ್ಪದೆ ಮಾಡಿ, ಭಾರ ಎತ್ತುವುದನ್ನೂ ಬಿಡದಿದ್ದವನಿಗೆ ಮಾತ್ರ ಕ್ರಿಯಾಟಿನ್ ಒಂದಿಷ್ಟು ಲಾಭ ಕೊಡುತ್ತದೆ. ವ್ಯಾಯಾಮ ಮಾಡದವನಿಗೆ ಕೊಡುವುದು ನೀರಿನ ತೂಕ ಮಾತ್ರ. ಯಾವಾಗ ಬೇಕಾದರೂ ನಿಲ್ಲಿಸಬಹುದು. ನಿಲ್ಲಿಸಿದ ನಾಲ್ಕಾರು ವಾರಕ್ಕೆ ಸ್ನಾಯುವಿನ ಸಂಗ್ರಹ ಹಳೆಯ ಮಟ್ಟಕ್ಕೆ ಬರುತ್ತದೆ, ಬೇರೆ ತೊಂದರೆ ಇಲ್ಲ.

ಕೊನೆಯದಾಗಿ ಒಂದು ಮಾತು. ಪರೀಕ್ಷೆಯ ಚೀಟಿ ಸರಿಯಿದ್ದು, ವಯಸ್ಸು ಹದಿನೆಂಟು ದಾಟಿದ್ದು, ಊಟ ನಿದ್ದೆ ಹದಕ್ಕೆ ಬಂದಿದ್ದರೆ, ಸಾದಾ ಮೊನೊಹೈಡ್ರೇಟ್ ತಂದು ದಿನಕ್ಕೆ 3 ಗ್ರಾಂ ತಗೋ, ನನ್ನ ಅಡ್ಡಿಯಿಲ್ಲ. ಆದರೆ ಡಬ್ಬಿಯನ್ನು ಬಟ್ಟೆಯ ಕೆಳಗೆ ಬಚ್ಚಿಡಬೇಡ. ಅಡುಗೆಮನೆಯ ಗೂಡಿನಲ್ಲಿಡು, ಅದು ಏನು, ಯಾಕೆ, ಎಷ್ಟು ಅಂತ ಅಪ್ಪ ಅಮ್ಮನಿಗೆ ಬಿಡಿಸಿ ಹೇಳು. ನಾಳೆ ನಿನಗೆ ಜ್ಞಾನ ತಪ್ಪಿ ಆಸ್ಪತ್ರೆಗೆ ಒಯ್ದರೆ ಡಾಕ್ಟರಿಗೆ ಹೇಳಬೇಕಾದವರು ಅವರೇ. ಜಿಮ್ಮಿನಲ್ಲಿ ಇವತ್ತು ಪುಡಿ ಕೊಟ್ಟವನು ನಾಳೆ "ಇದೊಂದು ಸೂಜಿ ಹಾಕಿಸ್ಕೋ, ಇನ್ನೂ ಬೇಗ ಬರುತ್ತೆ" ಅಂತ ಸ್ಟೆರಾಯ್ಡ್ ತೋರಿಸಬಹುದು. ಅದು ಹೃದಯ, ಲಿವರ್, ಗಂಡಸುತನ ಎಲ್ಲವನ್ನೂ ಹಾಳುಮಾಡುವಂಥದ್ದು. ಆಗ ನಿನ್ನನ್ನು ಕಾಯುವುದು ಈ ಒಂದೇ ಅಭ್ಯಾಸ: ಮನೆಯಲ್ಲಿ ಬಾಯಿಬಿಟ್ಟು ಹೇಳಲಾಗದ್ದನ್ನು ಮೈಗೆ ಸೇರಿಸಬಾರದು. ಸೋಮವಾರ ಆಸ್ಪತ್ರೆಗೆ ಹೋಗು, ಚೀಟಿ ತಗೊಂಡು ಬಂದು ನನಗೂ ತೋರಿಸು. ಡಬ್ಬಿ ಕೊಳ್ಳುವ ಮಾತು ಆಮೇಲೆ.